ಜುಮೇರಾತಿನ ಪಾಲು

"ಉಪ್ಪು ಸಾಕಾತೇನ್ರಿ? ಇನ್ನಷ್ಟ ಹಾಕ್ಲೇನು?"

ಒಳಗಿನಿಂದ ಹೆಣ್ಣಿನ ಮೆಲುದನಿ ಕೇಳಿಸಿತು. ಗಂಡ ಊಟಕ್ಕೆ ಕುಳಿತಿರಬೇಕು ಎಂದುಕೊಂಡ ಕಲಾಯಿಗಾರ ಕಮರುದ್ದೀನ, ತವರದ ಕಲಾಯಿ ಹಾಕಿ ತಂದ ತಾಮ್ರದ ಪಾತೇಲಿ ಹೊತ್ತು ಉಣಕಲ್ಲಿನ ಆ ಹೊಲದ ಮನೆಯ ಹೊರಗೇ ನಿಂತ. ಸಂಜೆಯ ಬಿಸಿಲು ಕೆರೆಯ ಕಡೆ ಜಾರುತ್ತಿತ್ತು. ಆಡೊಂದು ಅವನ ಅಂಗಿಯ ತುದಿಯನ್ನು ಮೂಸಿತು.

ಬಾಗಿಲು ತೆರೆದಾಗ ಮೊದಲು ಲೋಬಾನದ ಹೊಗೆ ಬಂತು. ಆಮೇಲೆ ರಾಜಬಿ.

"ನಿಮ್ಮ ಯಜಮಾನರ ಊಟ ಮುಗೀಲ್ರಿ. ನಾ ಕುಂದರ್ತೇನಿ," ಎಂದ.

ಅವಳ ಮುಖ ಬಿಳಿಚಿತು. ಬೆನ್ನ ಹಿಂದೆ ಕೋಣೆ ಖಾಲಿಯಿತ್ತು. ಚಾಪೆಯ ಮೇಲೊಂದು ತಟ್ಟೆ, ತಟ್ಟೆಯಲ್ಲಿ ಬಿದಿರು ಪುಟ್ಟಿಯ ಹೆಣಿಗೆ ಅಚ್ಚೊತ್ತಿದ ಬಿಳಿ ಪನೀರು.

ಅಂಗಳದಲ್ಲಿದ್ದ ಅತ್ತೆ ಇಮಾಮಬಿ ಹೇಳಿದಳು: "ನನ್ನ ಮಗ ಮೌಲಾಲಿ ಜ್ವರದಾಗ ಹೋಗಿ ಎರಡ ವರ್ಷಾತು, ಬೇಟಾ. ಜುಮೇರಾತ್ ಸಂಜಿಗೆ ಅವನ ಪಾಲು ತಗದಿಡ್ತೀವಿ. ಫಾತೇಹಾ ಓದಿ ದುವಾ ಮಾಡಿದಮ್ಯಾಲ ಮನಿಮಂದಿ ಅದನ್ನ ಮುಟ್ಟಂಗಿಲ್ಲ. ಹೊರಗಿನವರು ತಿಂದ್ರನ ಅವನ ಹೊಟ್ಟಿ ತುಂಬತೈತಿ. ಇವತ್ತ ನೀ ಬಂದಿ. ತಿನ್ನು."

ಉಪ್ಪು ನಾಲಗೆಯನ್ನು ಸುಟ್ಟಿತು. ರೈಲ್ವೆ ವರ್ಕ್‌ಶಾಪಿನಲ್ಲಿ ಕುಲುಮೆಯ ಮುಂದೆ ದಿನವಿಡೀ ಬೆವರುತ್ತಿದ್ದ ಮೌಲಾಲಿಗೆ ಅಷ್ಟು ಬೇಕಿತ್ತಂತೆ. ಉಗುಳಲು ತಲೆಯೆತ್ತಿದರೆ, ರಾಜಬಿ ಉಸಿರು ಹಿಡಿದು ಅವನ ತುಟಿಗಳನ್ನೇ ನೋಡುತ್ತಿದ್ದಳು. ಅವನು ನಕ್ಕು ನುಂಗಿದ.

"ಹ್ಯಾಂಗೈತ್ರಿ?"

"ಭಾಳ ಛಲೋ ಐತ್ರಿ."

ಬೇರೆ ಯಾರೋ ಉತ್ತರ ಕೊಟ್ಟಂತೆ ಅವಳು ಕಣ್ಣು ಮುಚ್ಚಿಕೊಂಡಳು.

ಅಂದಿನಿಂದ ಪ್ರತಿ ಗುರುವಾರ, ಜುಮೇರಾತಿನ ಸಂಜೆ, ಅವನು ತನ್ನೂರು ಬೆಂಗೇರಿಯಿಂದ ಒಂದಲ್ಲ ಒಂದು ನೆಪ ಹೊತ್ತು ಬಂದ. ರಾಜಬಿ ಆಡಿನ ಹಾಲನ್ನು ಉಗುರುಬೆಚ್ಚಗೆ ಮಾಡಿ, ಮರಿಯ ಒಣಗಿದ ಜಠರದ ಚೂರು ನೆನೆಸಿದ ನೀರು ಬೆರೆಸುತ್ತಿದ್ದಳು. ಹೆಪ್ಪಾದ ಹಾಲನ್ನು ಅಂಗೈಯಗಲದ ಪುಟ್ಟಿಗಳಿಗೆ ತುಂಬಿ ತೂಗುಹಾಕುತ್ತಿದ್ದಳು. ತಿಳಿನೀರು ತೊಟ್ಟಿಕ್ಕುವ ಸದ್ದು, ಒಳಗೆ ಯಾರೋ ಬರಿಗಾಲಲ್ಲಿ ನಡೆದಾಡಿದಂತೆ ಕೇಳಿಸುತ್ತಿತ್ತು. ಮರುದಿನ ಆ ಪುಟ್ಟಿಗಳು ಹುಬ್ಬಳ್ಳಿಯ ರೈಲ್ವೆ ಬಂಗಲೆಗಳಿಗೆ ಹೋಗುತ್ತಿದ್ದವು. ಅಲ್ಲಿನ ಗೋರಾ ಸಾಹೇಬರು ಅದನ್ನು ಚೀಜ್ ಅನ್ನುತ್ತಿದ್ದರು.

"ಹೋದ ವಾರ ಕಲಾಯಿ ಹಾಕಿದ ಪಾತೇಲಿನ ಮತ್ತ ಒಯ್ತೀಯಲ್ಲೋ!" ಇಮಾಮಬಿ ಕೆಣಕಿದಳು. "ನಿನ್ನ ಕಲಾಯಿ ಅಷ್ಟ ಕಚ್ಚಾ ಏನು?"

"ಹೊಳಪು ಸಾಲವಲ್ದು, ಚಾಚಿ."

"ನನಗಂತೂ ಮಾರಿ ಕಾಣಸ್ತೈತ್ರಿ," ಎಂದು ರಾಜಬಿ ಪಾತೇಲಿಯೊಳಗೆ ಬಗ್ಗಿದಳು. ಅವನೂ ಬಗ್ಗಿದ. ತವರದ ಮಸುಕು ಹೊಳಪಿನಲ್ಲಿ ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಅವಳು ಸೆರಗು ಎಳೆದುಕೊಂಡು ಎದ್ದು ಹೋದಳು.

ಅವನಿಗೆ ಸಂತೋಷದ ಬೆನ್ನಿಗೇ ಅಂಜಿಕೆ ಹುಟ್ಟಿತು. ಅವಳು ನೋಡಿದ್ದು ತನ್ನನ್ನೋ, ತನ್ನ ಮುಖದಲ್ಲಿ ಬಂದು ಕೂತವನನ್ನೋ?

ಕಡೆಗೆ ಇಮಾಮಬಿಯೇ ಮಾತು ತೆಗೆದಳು. "ನಿಕಾಹಕ್ಕ ನನ್ನ ಒಪ್ಪಿಗಿ ಐತಿ. ಅಕಿನ್ನ ಕೇಳು."

ಹಿತ್ತಲಲ್ಲಿ ಪುಟ್ಟಿ ತೊಳೆಯುತ್ತಿದ್ದವಳನ್ನು ಕೇಳಿದ. ಅವಳ ಕೈ ನಿಂತಿತು.

"ಮನಸಿಲ್ಲಂತ ಸುಳ್ಳ ಹೇಳಂಗಿಲ್ರಿ. ಆದ್ರ ನೀವು ಈ ಮನಿಮಂದಿ ಆದ್ರ ಅವರ ಪಾಲು ಮುಟ್ಟಂಗಿಲ್ಲ. ನೀವು ತಿನ್ನುವಾಗ ನಿಮ್ಮ ಮಾರಿಮ್ಯಾಲೆ ಅವರ ಸಮಾಧಾನ ಕಾಣಸ್ತೈತಿ. ಬ್ಯಾರೆ ಯಾರು ತಿಂದಾಗೂ ಕಂಡಿಲ್ಲ. ಅವರನ್ನ ಉಪವಾಸ ಕೆಡವಿ ನಾ ಹ್ಯಾಂಗ ಸುಖಾ ಪಡ್ಲಿ?"

ಸುಮ್ಮನಿದ್ದರೆ ಈ ಕಣ್ಣುಗಳಾದರೂ ವಾರಕ್ಕೊಮ್ಮೆ ಸಿಗುತ್ತವೆ. ಬಾಯಿಬಿಟ್ಟರೆ ಅದೂ ಹೋದೀತು. ಆದರೂ ಕಮರುದ್ದೀನ ಬಾಯಿಬಿಟ್ಟ.

"ಆ ಉಪ್ಪು ನನಗ ನುಂಗಾಕ ಆಗಂಗಿಲ್ರಿ," ಎಂದ. "ಪ್ರತಿ ವಾರಾ ಹೋಗುವಾಗ ಕೆರಿ ದಂಡಿಗೆ ಕುಂತು ನೀರ ಕುಡೀತೇನಿ. ನೀವು ಕಂಡದ್ದು ಅವರ ಸಮಾಧಾನ ಅಲ್ಲ. ನಿಮ್ಮನ್ನ ನೋಡಿ ನನಗಾದ ಖುಷಿ."

ಪುಟ್ಟಿ ಅವಳ ಕೈಯಿಂದ ಜಾರಿತು.

"ಹಂಗಾರ ಅವರು ಬರ್ತಿದ್ದಿಲ್ಲೇನು?"

"ಬರ್ತಿರಬಹುದು. ಆದ್ರ ನನ್ನ ಮಾರಿಯಾಗ ಅಲ್ರಿ."

ಅವಳು ಅಳಲಿಲ್ಲ. "ಹೋಗ್ರಿ," ಎಂದಳು, ಅಷ್ಟೇ.

ಮುಂದಿನ ಜುಮೇರಾತ್ ಅವನು ಬರಿಗೈಯಲ್ಲಿ ಬಂದು ಬೇಲಿಯ ಬಳಿ ನಿಂತ. ಒಳಗೆ ಕಾಲಿಡುವ ಧೈರ್ಯವಾಗಲಿಲ್ಲ. ರಾಜಬಿ ತಟ್ಟೆ ಹಿಡಿದು ಹೊರಗೆ ಬಂದಳು. ಅವನು ಕೈ ಚಾಚಿದ.

ಅವಳು ಅವನನ್ನು ದಾಟಿ ದಾರಿಗೆ ಇಳಿದಳು. ಹುಲ್ಲಿನ ಬಂಡಿ ಹೊಡೆದುಕೊಂಡು ಹೊರಟಿದ್ದ ಮುದುಕ ಬಂದೇನವಾಜನನ್ನು ಕೂಗಿದಳು. "ಕಾಕಾ, ಬಂಡಿ ನಿಂದರಸ್ರಿ! ಸತ್ತವರ ಪಾಲು ಐತಿ, ತಿಂದು ಹೋಗ್ರಿ."

"ನನಗ ಕೊಡಂಗಿಲ್ಲೇನ್ರಿ?" ಕಮರುದ್ದೀನನ ದನಿ ಕುಸಿದಿತ್ತು.

ಅವಳು ತಿರುಗಿ ನೋಡಿದಳು. ಈ ಸಲ ತುಟಿಗಳನ್ನಲ್ಲ, ಅವನ ಕಣ್ಣುಗಳನ್ನು.

"ಮನಿಮಂದಿ ಮುಟ್ಟಬಾರದಲ್ರಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಬಂದೇನವಾಜ ಮುಖ ಕಿವಿಚಿ, "ಯವ್ವಾ, ಸಮುದ್ರಾನ ಹಾಕೀಯಲ್ಲ ಇದಕ್ಕ!" ಎಂದ. ರಾಜಬಿ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. ಮುದುಕ ಗೊಣಗುತ್ತ ಕಡೆಯ ಚೂರನ್ನೂ ತಿಂದು ಮುಗಿಸಿದ.

ಬಂಡಿ ಹೊರಟಿತು. ಆಡುಗಳೆಲ್ಲ ಒಮ್ಮೆಲೇ ತಲೆಯೆತ್ತಿ, ಹುಲ್ಲಿನ ಹೊರೆಯ ಮೇಲೆ ಯಾರೋ ಕುಳಿತಿರುವಂತೆ ಅದನ್ನೇ ನೋಡಿದವು.

"ಹೊಂಟ್ರು," ಎಂದಳು ರಾಜಬಿ, ಕಮರುದ್ದೀನನ ತೋಳು ಹಿಡಿದು, ಮೆಲ್ಲಗೆ.

ಯಾರು ಎಂದು ಅವನು ಕೇಳಲಿಲ್ಲ. ಬಂಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅವನ ತೋಳನ್ನು ಬಿಡಲಿಲ್ಲ.