‘ಉಳಿಕೆ’ಯ ಕೊನೆಯ ಎರಡು ಹಾಡು

ಅವನು ಜಗಳಕ್ಕೇ ಬಂದಿದ್ದಾನೆ ಎಂದುಕೊಂಡು ಅವಳು ಮೆಟ್ಟಿಲಿಳಿದಳು.

ಪತ್ರಿಕೆಯ ರಿಸೆಪ್ಷನ್‌ನಲ್ಲಿ, ಹಳೇ ಸಂಚಿಕೆಗಳ ರ‍್ಯಾಕಿನ ಪಕ್ಕ, ಕೈಗಳೆರಡನ್ನೂ ಜಾಕೆಟ್ಟಿನ ಜೇಬಿಗೆ ತುರುಕಿಕೊಂಡು ಕೂತಿದ್ದ. ಅಭಿಮಾನಿಗಳಿಗೆ ಅವನು ಗುಬ್ಬಿ. ಗಿಟಾರ್ ಹಿಡಿದರೆ ಸ್ಟೇಜಿನ ಮೇಲೆ ಒಂದು ಕಡೆ ನಿಲ್ಲದೆ ಕುಪ್ಪಳಿಸುತ್ತಿದ್ದನಂತೆ, ಅದಕ್ಕೆ ಆ ಹೆಸರು. ಇವತ್ತು ಗುಬ್ಬಿ ಅಲ್ಲಾಡದೆ ಕೂತಿತ್ತು.

ಅವರ ಬ್ಯಾಂಡಿನ ಹೊಸ ಡಿಸ್ಕ್ ಬಂದು ಕೆಲವು ದಿನವಾಗಿತ್ತು. ಡಿಸ್ಕ್ ಹೊಸದು, ಹಾಡು ಹಳೆಯವು. ಆಲ್ಬಮ್‌ಗಳಲ್ಲಿ ಜಾಗ ಸಿಗದೆ ಹೊರಗುಳಿದವು, ಹೆಸರಾದ ಹಾಡುಗಳ ಬೆನ್ನಿಗೆ ಬಿ-ಸೈಡ್ ಅಂತ ಅಂಟಿಸಿ ಕಳಿಸಿದವು, ಎಲ್ಲವನ್ನೂ ಒಟ್ಟುಮಾಡಿ, ಕೊನೆಗೆ ಈಚೆಗೆ ರೆಕಾರ್ಡ್ ಮಾಡಿದ ಎರಡನ್ನು ಸೇರಿಸಿ ‘ಉಳಿಕೆ’ ಎಂದು ಹೆಸರಿಟ್ಟಿದ್ದರು. ಬೇರೆ ವಿಮರ್ಶಕರು ಹಿತವಾಗಿ ನಾಲ್ಕು ಮಾತು ಬರೆದು ಕೈತೊಳೆದುಕೊಂಡರು. ಅಭಿಮಾನಿಗಳು ಯಾವ ಹಾಡು ಬಿಟ್ಟುಹೋಯಿತು, ಯಾವುದು ಸೇರಬಾರದಿತ್ತು ಎಂದು ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದರು. ಅವಳ ವಿಮರ್ಶೆ ಬಂದ ಮೇಲೆ ಎಲ್ಲರೂ ಒಂದಾದರು.

ಹಳೆಯ ಹಾಡುಗಳನ್ನು ಅವಳು ಬಾಯ್ತುಂಬ ಹೊಗಳಿದ್ದಳು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಯ ಎರಡರ ಬಗ್ಗೆ ಬರೆದ ಸಾಲುಗಳು ಮಾತ್ರ ಫೋನಿಂದ ಫೋನಿಗೆ ಹಾರಿದವು: ‘ಇಲ್ಲಿ ಗಿಟಾರ್ ವಾದಕ ಕೈಗವಸು ಹಾಕಿಕೊಂಡು ನುಡಿಸುತ್ತಾನೆ. ಮನಸ್ಸಿಲ್ಲದವನ ಕೆಲಸ.’ ಅಂದಿನಿಂದ ಅವಳ ಇನ್‌ಬಾಕ್ಸ್ ತೆರೆದರೆ ಬರೀ ಬೈಗುಳ.

“ನೀವೇನಾ ಬರೆದಿದ್ದು?” ಅವನು ಕೇಳಿದ.

“ನಾನೇ. ಅದನ್ನ ವಾಪಸ್ ತಗೊಳ್ಳಲ್ಲ.”

“ತಗೋಬೇಡಿ.” ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದ. ಸಿಟ್ಟಿನ ನೋಟವಲ್ಲ ಅದು. ಬಹಳ ದಿನದಿಂದ ಹುಡುಕುತ್ತಿದ್ದ ಮನೆಯ ಬಾಗಿಲು ಕಂಡವನ ನೋಟ. “ಕೈಗವಸು ಅಂತ ನಿಮಗೆ ಹೇಗೆ ಕೇಳಿಸ್ತು?”

“ತಂತಿ ಒತ್ತೋದು ತಡ ಆಗ್ತಿತ್ತು. ಒಂದೊಂದು ಸ್ವರಾನೂ ಬಾಗಿಲವರೆಗೆ ಬಂದು, ಒಳಗೆ ಬರಲೋ ಬೇಡವೋ ಅಂತ ನಿಂತ ಹಾಗಿತ್ತು.”

ಅವನು ಎಡಗೈಯನ್ನು ಜೇಬಿನಿಂದ ತೆಗೆದು ಮಂಡಿಯ ಮೇಲಿಟ್ಟ. ಹೆಬ್ಬೆರಳು, ತೋರುಬೆರಳುಗಳ ನಡುವೆ ಮಾಂಸ ಕರಗಿ ಗುಳಿಬಿದ್ದಿತ್ತು. ಅವನು ಸುಮ್ಮನಿದ್ದರೂ ಬೆರಳಿನ ಬುಡದಲ್ಲಿ ಚರ್ಮ ತಾನಾಗಿ ಪಟಪಟ ಅದುರುತ್ತಿತ್ತು.

“ಡಾಕ್ಟರ್ ಹೇಳಿದ್ದು ಆಮೇಲೆ,” ಅಂದ. “ರೆಕಾರ್ಡಿಂಗ್ ಮಾಡುವಾಗ ನನಗೂ ಗೊತ್ತಿರಲಿಲ್ಲ. ಬಿ-ಸೈಡ್‌ಗಳನ್ನ ಈಗ ಯಾಕೆ ತಂದ್ವಿ ಅಂದ್ಕೊಂಡ್ರಿ? ಇನ್ನು ಹೊಸದಾಗಿ ಎ-ಸೈಡ್ ಬರಲ್ಲ, ಅದಕ್ಕೆ.”

ಕಾಯಿಲೆಯ ಹೆಸರು ಹೇಳಿದ. ಮೊದಲು ಕೈ, ಆಮೇಲೆ ಕಾಲು, ಮಾತು, ಕೊನೆಗೆ ಉಸಿರು. ಬಸ್ಸಿನ ನಿಲ್ದಾಣಗಳ ಹೆಸರು ಹೇಳುವ ಹಾಗೆ ಹೇಳಿದ.

“ನಾಳೇನೇ ತಿದ್ದುಪಡಿ ಹಾಕಿಸ್ತೀನಿ,” ಅವಳು ಅಂದಳು.

“ಬೇಡ. ಅದನ್ನ ಹೇಳೋಕೇ ಬಂದೆ. ಗೊತ್ತಾದ ದಿನದಿಂದ ಎಲ್ಲರೂ ಅಳ್ತಾರೆ, ಯಾರೂ ಹಾಡು ಕೇಳಲ್ಲ. ಇನ್ನಷ್ಟು ದಿನ ಅವು ಬರೀ ಹಾಡಾಗಿರಲಿ. ಚೆನ್ನಾಗಿಲ್ಲ ಅಂತ ಬೈಸಿಕೊಂಡರೂ ಪರವಾಗಿಲ್ಲ.”

ಅವಳು ಮಾತು ಕೊಟ್ಟಳು. ಕೊಡುವಾಗ ಅದರ ಭಾರ ಅವಳಿಗೆ ಗೊತ್ತಿರಲಿಲ್ಲ.

ಹೋಗುವಾಗ ಅವನು ಇನ್ನೊಂದು ಕೇಳಿದ. ಬ್ಯಾಂಡಿನ ಗೆಳೆಯರು ಪ್ರೀತಿಯಿಂದ ಸುಳ್ಳು ಹೇಳುತ್ತಾರೆ. ಕೈ ಎಷ್ಟು ಸೋತಿದೆ ಎಂದು ನಿಜ ಹೇಳುವ ಒಂದು ಜೊತೆ ಕಿವಿ ಬೇಕು. ಭಾನುವಾರ ಬರ್ತೀರಾ?

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಮೇಲಿನ ಕೋಣೆ ಅವನದು. ಮೆಟ್ಟಿಲಲ್ಲೆಲ್ಲ ಅಂಟಿನ, ಹೊಸ ಮರದ ವಾಸನೆ. ಕಿಟಕಿಯ ಬಳಿ ಒಂದು ಕುರ್ಚಿ, ಮಂಚದ ಮೇಲೆ ಗಿಟಾರ್. ಮೊದಲ ಭಾನುವಾರ ಅವನು ಒಂದು ಹಳೇ ಬಿ-ಸೈಡ್ ನುಡಿಸಿ ತಲೆಯೆತ್ತಿದ.

“ಶುರು ಚೆನ್ನಾಗಿತ್ತು,” ಅವಳು ಅಂದಳು. “ನಡುವೆ ಎರಡು ಸ್ವರ ನುಂಗಿದ್ರಿ. ಕಷ್ಟದ ಜಾಗ ಬಂದಾಗ ಹಾಡೋಕೆ ಶುರುಮಾಡಿ ಮುಚ್ಚಿಹಾಕಿದ್ರಿ.”

ಅವನು ಜೋರಾಗಿ ನಕ್ಕ. “ನಿಮ್ಮನ್ನ ಕಟ್ಟಿಕೊಂಡವನ ಗತಿಯೇನು?”

“ಇನ್ನೂ ಯಾರೂ ಕಟ್ಟಿಕೊಂಡಿಲ್ಲ.”

“ಯಾಕೆ ಅಂತ ಕೇಳೋ ಹಾಗೇ ಇಲ್ಲ, ಬಿಡಿ.”

ಹೇಳಿ, ಅವಳಿಗೆ ನೋವಾಯಿತೇನೋ ಎಂದು ಓರೆಗಣ್ಣಿನಲ್ಲಿ ನೋಡಿದ. ಅವಳು ನಗು ಬಿಗಿಹಿಡಿದು ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ಅವನು ಇನ್ನೂ ತನ್ನನ್ನೇ ನೋಡುತ್ತಿರುವುದು ಕಂಡಿತು. ತಿರುಗಲಿಲ್ಲ. ತಿರುಗಿದರೆ ಅವನು ನೋಟ ಸರಿಸಿಬಿಡುತ್ತಾನೆ ಎಂಬ ಅಳುಕು.

ಹೀಗೆ ಭಾನುವಾರಗಳು ಬಂದವು. ಪ್ರತಿ ಸಲ ಅವನ ಕೈಯಿಂದ ಏನೋ ಒಂದು ಜಾರಿಹೋಗಿರುತ್ತಿತ್ತು, ಅವಳು ಅದನ್ನು ಗುರುತಿಸಿ ಹೇಳಬೇಕಾಗಿತ್ತು. ಹೇಳಿ ಮೆಟ್ಟಿಲಿಳಿದು, ಬೀದಿ ತಿರುವಿನಲ್ಲಿ ನಿಂತು ಅತ್ತು, ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದಳು. ಮುಂದಿನ ಭಾನುವಾರ ಯಾವಾಗ ಬರುತ್ತದೋ ಎಂದು ಸೋಮವಾರದಿಂದಲೇ ಕಾಯುತ್ತಿದ್ದಳು. ಕಾಯುವುದಕ್ಕೂ ಹೆದರುವುದಕ್ಕೂ ಅವಳೊಳಗೆ ಗೆರೆಯೇ ಉಳಿದಿರಲಿಲ್ಲ.

ಅಭಿಮಾನಿಗಳು ಮಾತ್ರ ತಣ್ಣಗಾಗಲಿಲ್ಲ. ಅವಳು ಅಕ್ಕನ ಮನೆಯಲ್ಲಿದ್ದಳು. ಅಕ್ಕ ಕೆಳಗಡೆ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಳು. ಅದನ್ನು ಯಾರೋ ಪತ್ತೆಹಚ್ಚಿದರು. ಒಂದು ಬೆಳಿಗ್ಗೆ ಅಕ್ಕ ಆಗಷ್ಟೇ ಷಟರ್ ಎತ್ತಿದ್ದಳು, ಬೈಕಿನಲ್ಲಿ ಬಂದ ಇಬ್ಬರು ಡಬ್ಬಿಗಟ್ಟಲೆ ಕಪ್ಪು ಬಣ್ಣ ಎರಚಿ ಹೋದರು. ಬಾಗಿಲು, ಮೆಷಿನ್, ಯಾರದೋ ಮದುವೆಗೆಂದು ಹೊಲಿದು ನೇತುಹಾಕಿದ್ದ ಬಿಳಿ ಕೋಟು, ಒಂದೂ ಉಳಿಯಲಿಲ್ಲ.

“ತಪ್ಪಾಯ್ತು ಅಂತ ಒಂದು ಸಾಲು ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?” ಅಕ್ಕ ಕೇಳಿದಳು. ಮಂಡಿಯೂರಿ ನೆಲ ಉಜ್ಜುತ್ತಿದ್ದಳು. “ಯಾವನೋ ಗಿಟಾರಿನವನಿಗಾಗಿ ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯಾ?”

ಅವಳು ಬಟ್ಟೆ ಹಿಂಡಿ ಪಕ್ಕದಲ್ಲಿ ಕೂತು ಉಜ್ಜಿದಳು. ಸಂಪಾದಕರೂ ಕ್ಷಮೆ ಕೇಳಲು ಹೇಳಿದ್ದರು. ಗುಬ್ಬಿಗೆ ಕೊಟ್ಟ ಮಾತು ನೆನೆದು ಅವಳು ಒಪ್ಪದಿದ್ದಾಗ ಸಂಗೀತದ ಪುಟ ಕಿತ್ತುಕೊಂಡು ಟೀವಿ ಕಾರ್ಯಕ್ರಮಗಳ ಪಟ್ಟಿ ತಿದ್ದಲು ಕೂರಿಸಿದರು.

ಗುಬ್ಬಿಗೆ ಅವಳು ಇದಾವುದನ್ನೂ ಹೇಳಲಿಲ್ಲ. ಉಗುರಿನ ಸಂದಿಯಲ್ಲಿ ಉಳಿದಿದ್ದ ಕಪ್ಪು ಬಣ್ಣ ಹೇಳಿತು. ಅವನು ಕೇಳಿದ, ಅವಳು ತೇಲಿಸಿದಳು, ಅವನು ಬಿಡಲಿಲ್ಲ. ಎಲ್ಲವನ್ನೂ ಬಾಯಿಬಿಡಿಸಿದ ಮೇಲೆ ಗಿಟಾರನ್ನು ಪಕ್ಕಕ್ಕಿಟ್ಟು, “ನನ್ನ ಎರಡು ಹಾಡಿಗೆ ಇಷ್ಟು ಬೆಲೆ ಇಲ್ಲ,” ಅಂದ.

ಮರುದಿನ ಬ್ಯಾಂಡಿನವರು ಕ್ಯಾಮೆರಾಗಳ ಮುಂದೆ ಕೂತು ಅವನ ಕಾಯಿಲೆಯ ವಿಷಯ ತಿಳಿಸಿದರು.

ಅವನು ಹೇಳಿದ್ದ ಹಾಗೇ ಆಯಿತು. ಬೈದವರೆಲ್ಲ ಅತ್ತರು. ನುಣುಪಾಗಿ ಬರೆದಿದ್ದ ವಿಮರ್ಶಕರು ಮತ್ತೆ ಬರೆದರು; ತಡವರಿಸಿದ ಸ್ವರಗಳಲ್ಲಿ ಸಾವಿನ ಹೆಜ್ಜೆಸಪ್ಪಳ ಕೇಳಿತೆಂದರು, ಆ ಎರಡೇ ‘ಉಳಿಕೆ’ಯ ಕಿರೀಟವೆಂದರು. ಅಕ್ಕನ ಅಂಗಡಿ ಮುಂದೆ ಜನ ಹೂ ತಂದಿಟ್ಟು ಕ್ಷಮೆ ಕೇಳಿ ಹೋದರು. ಅಕ್ಕ ಹೂವನ್ನೆಲ್ಲ ಬಾಚಿ ಡಸ್ಟ್‌ಬಿನ್ನಿಗೆ ಹಾಕಿ ಬಂದು, ತಂಗಿಯ ತಲೆಯ ಮೇಲೆ ಕೈಯಿಟ್ಟಳು. “ಅವನ ಮೇಲೆ ಮನಸ್ಸಿಟ್ಟಿದ್ದೀಯಾ?” ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ.

ಸಂಪಾದಕರು ಅವಳ ಪುಟ ಮರಳಿ ಕೊಟ್ಟು, ‘ನಾನು ಮೊದಲೇ ಕೇಳಿಸಿಕೊಂಡೆ’ ಎಂದು ಒಂದು ಲೇಖನ ಬೇಕೆಂದರು. ಅವಳು ಟೀವಿ ಪಟ್ಟಿಯೇ ಸಾಕು ಅಂದಳು.

ಆ ಭಾನುವಾರ ಅವನು ಬಾಗಿಲು ಪೂರ್ತಿ ತೆರೆಯಲಿಲ್ಲ.

“ಇನ್ನು ಬರಬೇಡಿ.”

“ಯಾಕೆ?”

“ನುಡಿಸೋಕೆ ಆಗ್ತಿಲ್ಲ. ನಿನ್ನೆ ಗಿಟಾರನ್ನ ಡ್ರಮ್ಮರ್ ಮನೆಗೆ ಕಳಿಸಿಬಿಟ್ಟೆ. ನಿಮಗೆ ಕೇಳೋಕೆ ಇಲ್ಲೇನೂ ಇಲ್ಲ.”

“ನಾನು ಬರ್ತಿದ್ದದ್ದು ಗಿಟಾರಿಗೆ ಅಂದ್ಕೊಂಡ್ರಾ?”

ಅವನು ಬಾಗಿಲಿಗೆ ಒರಗಿದ. ಎಡಗಾಲೂ ಎಳೆಯಲು ಶುರುವಾಗಿದ್ದು ಅವಳಿಗೆ ಆಗ ಕಂಡಿತು. “ಬೇರೆ ಏನೂ ಅಂದ್ಕೋಬಾರದು ಅಂತಲೇ ಇದ್ದೆ,” ಅಂದ. “ಹೇಳಿಬಿಡ್ತೀನಿ. ನಿಮ್ಮ ಮೇಲೆ ನನಗೆ ಜೀವ. ಆದರೆ ಈಗ ನೀವು ಹೂಂ ಅಂದ್ರೆ ಅದು ಕನಿಕರ ಅಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ಈ ಊರಲ್ಲಿ ಈಗ ಎಲ್ಲರಿಗೂ ನನ್ನ ಮೇಲೆ ಪ್ರೀತಿ.”

“ನಿಮ್ಮ ಬಗ್ಗೆ ನಾನೇನು ಬರೆದೆ ಅಂತ ಇಡೀ ಊರಿಗೆ ಗೊತ್ತು,” ಅವಳು ಅಂದಳು. “ಕನಿಕರ ನನಗೆ ಬರೋ ವಿದ್ಯೆ ಅಲ್ಲ. ಆ ಹಾಡುಗಳು ಈಗಲೂ ಚೆನ್ನಾಗಿಲ್ಲ.”

ಅವನ ತುಟಿ ನಗಲು ಹೋಗಿ ನಡುಗಿತು.

“ಮುಂದೆ ಏನೇನಾಗುತ್ತೆ ಗೊತ್ತಾ ನಿಮಗೆ?”

“ಡಾಕ್ಟರನ್ನ ಕೇಳಿ ಬಂದಿದ್ದೀನಿ.”

“ಓಡಿಹೋಗ್ಬೇಕು ಅನ್ನಿಸ್ಲಿಲ್ವಾ?”

“ಅನ್ನಿಸ್ತು. ಬಸ್ ಸ್ಟಾಪಿನವರೆಗೆ ಹೋಗಿ ಕೂತೆ. ಬಂದ ಬಸ್ಸುಗಳನ್ನೆಲ್ಲ ಬಿಟ್ಟು ಇಲ್ಲಿಗೆ ನಡಕೊಂಡು ಬಂದೆ. ಬಾಗಿಲು ತೆಗೀರಿ, ಕಾಲು ನೋಯ್ತಿದೆ.”

ಅವನು ಬಾಗಿಲು ತೆರೆದ.

ಮದುವೆಗೆಂದು ರಿಜಿಸ್ಟ್ರಾರ್ ಕಚೇರಿಗೆ ಹೋಗುವ ದಿನ ಬೆಳಿಗ್ಗೆ ಅವಳು ಬಂದಾಗ ಅವನು ಕನ್ನಡಿಯ ಮುಂದೆ ನಿಂತಿದ್ದ. ಅಕ್ಕ ಅವನಿಗೆಂದು ಹೊಲಿದ ನೀಲಿ ಅಂಗಿ ತೊಟ್ಟಿದ್ದ. ಅದರ ಗುಂಡಿಗಳ ಜೊತೆ ಎಷ್ಟು ಹೊತ್ತಿನಿಂದ ಗುದ್ದಾಡಿದ್ದನೋ, ಹಣೆಯ ಮೇಲೆ ಬೆವರು ಮೂಡಿತ್ತು. ಎರಡು ಗುಂಡಿ ಮಾತ್ರ ಸೇರಿದ್ದವು, ಅವೂ ತಪ್ಪು ಕಾಜಾಗಳಲ್ಲಿ. ಹೊರಗೆ ಟ್ಯಾಕ್ಸಿ ಹಾರನ್ ಹೊಡೆಯುತ್ತಿತ್ತು.

ಅವಳು ನೆರವಿಗೆ ಹೋಗಲಿಲ್ಲ. ಹೋದರೆ ಅವನು ಮುಖ ಬಿಗಿಯುತ್ತಾನೆಂದು ಗೊತ್ತಿತ್ತು. ನೀರಿನ ಲೋಟ, ಶೂ, ಜಾಕೆಟ್ಟಿನ ತೋಳು, ಯಾವುದಕ್ಕೂ ಅವನು ಇದುವರೆಗೆ ಯಾರ ಕೈಯನ್ನೂ ಕೇಳಿರಲಿಲ್ಲ. ಅವಳು ಬಾಗಿಲ ಬಳಿ ನಿಂತು ತನ್ನ ಕೈಗಳನ್ನು ತಾನೇ ಹಿಡಿದುಕೊಂಡಳು.

ಅವನು ಕೈ ಕೆಳಗಿಳಿಸಿದ. ಸ್ವಲ್ಪ ಹೊತ್ತು ಕನ್ನಡಿಯನ್ನೇ ನೋಡುತ್ತಿದ್ದ. ಆಮೇಲೆ ತಿರುಗಿದ.

“ಬಾ ಇಲ್ಲಿ,” ಅಂದ. “ಇದನ್ನ ಸ್ವಲ್ಪ ಹಾಕ್ತೀಯಾ?”

ಅಷ್ಟು ತಿಂಗಳ ‘ನೀವು’ ಎಲ್ಲಿಗೆ ಹೋಯಿತೋ, ಅವನು ಗಮನಿಸಿದ ಹಾಗೂ ಕಾಣಲಿಲ್ಲ. ಅವಳು ಹತ್ತಿರ ಹೋಗಿ, ತಪ್ಪಿ ಸೇರಿದ್ದ ಎರಡನ್ನೂ ಬಿಚ್ಚಿ, ಕೆಳಗಿನಿಂದ ಒಂದೊಂದಾಗಿ ಹಾಕತೊಡಗಿದಳು. ಕೊರಳ ಗುಂಡಿಗೆ ಬರುವ ಹೊತ್ತಿಗೆ ಕಣ್ಣು ಮಂಜಾಗಿ ಕಾಜಾ ಸಿಗಲಿಲ್ಲ. ಅವಳು ತಡಕುತ್ತಿದ್ದಳು, ಅವನು ಗಲ್ಲವೆತ್ತಿ ಕಾದು ನಿಂತಿದ್ದ.

“ನಿಧಾನಕ್ಕೆ ಹಾಕು,” ಅಂದ.