ಎರಡೂ ಕಡೆ ತೈವೊ

"ಕೆಹಿಂದೆ, ಹೊರಗೆ ಬರ್ತೀಯೋ ಇಲ್ವೋ?"

"ಇಲ್ಲ!" ಮಂಚದ ಕೆಳಗಿನಿಂದ ಉತ್ತರ ಬಂತು.

"ನೋಡು, ತೈವೊ ಎಷ್ಟು ಜಾಣ. ಆಗಲೇ ಅಂಗಳದ ಬೆಂಚಿನ ಮೇಲೆ ಕೂತಿದಾನೆ."

"ಅವನು ಚಿಕ್ಕೋನು. ಹೇಳಿದ ಮಾತು ಕೇಳ್ತಾನೆ. ನಾನು ದೊಡ್ಡೋನು."

ಅಬೆಕೆ ತಲೆ ಚಚ್ಚಿಕೊಂಡಳು. ಅವಳ ಅವಳಿ ತಮ್ಮಂದಿರಿಗೆ ನಾಲ್ಕು ವರ್ಷ. ಮೊದಲು ಹುಟ್ಟಿದವನು ತೈವೊ. ಆದರೆ ಇಬಾದಾನ್ ಊರಿನಲ್ಲಿ ಯಾರನ್ನೇ ಕೇಳಿ, ಹಿಂದೆ ಬಂದವನೇ ದೊಡ್ಡವನು ಅನ್ನುತ್ತಾರೆ. 'ಲೋಕ ಹೇಗಿದೆ, ನೋಡು ಹೋಗು' ಎಂದು ಚಿಕ್ಕವನನ್ನು ಮುಂದೆ ಕಳಿಸಿದ್ದೇ ಅವನಂತೆ. ಕೆಹಿಂದೆ ಇದನ್ನು ದಿನಕ್ಕೆ ಹತ್ತು ಸಲ ನೆನಪಿಸುತ್ತಿದ್ದ.

ರೊಂಕೆ ಚಿಕ್ಕಮ್ಮ ಲಾಗೋಸಿನಿಂದ ತಂದಿದ್ದ ಪುಟ್ಟ ಡಿಜಿಟಲ್ ಕ್ಯಾಮೆರಾ ಅಬೆಕೆಯ ಕೈಯಲ್ಲಿತ್ತು. "ಅಜ್ಜಿಗೆ ಅವಳಿಗಳದ್ದು ಒಂದು ಫೋಟೋ ಬೇಕಂತೆ. ಇಬ್ಬರೂ ನೆಟ್ಟಗೆ ಕೂತಿರಬೇಕು, ಕಣ್ಣು ಬಿಟ್ಟಿರಬೇಕು. ಚೆನ್ನಾಗಿ ಬಂದ್ರೆ ರಜೆ ಮುಗಿಯೋವರೆಗೂ ಕ್ಯಾಮೆರಾ ನಿನ್ನ ಹತ್ರಾನೇ ಇರ್ಲಿ," ಎಂದು ಹೇಳಿ ಚಿಕ್ಕಮ್ಮ ಗೆಳತಿಯ ಮನೆಗೆ ಹೋಗಿದ್ದರು.

ಕಷ್ಟ ಇದ್ದದ್ದು ಕ್ಯಾಮೆರಾದಲ್ಲೇ. ಬಟನ್ ಒತ್ತಿದ ಮೇಲೆ ಅದು ಅರೆಗಳಿಗೆ ಯೋಚನೆ ಮಾಡುತ್ತಿತ್ತು. ಆ ಅರೆಗಳಿಗೆ ಕೆಹಿಂದೆಗೆ ಧಾರಾಳವಾಗಿ ಸಾಕಿತ್ತು. ಒಂದು ಫೋಟೋದಲ್ಲಿ ಅವನ ಮೊಣಕಾಲು ಮಾತ್ರ ಇತ್ತು. ಇನ್ನೊಂದರಲ್ಲಿ ಮುಖ ಹುಡುಕುವ ಹಳದಿ ಚೌಕ ಇಬ್ಬರನ್ನೂ ಬಿಟ್ಟು ಪಕ್ಕದ ಮನೆಯ ಮೇಕೆಯನ್ನು ಆರಿಸಿಕೊಂಡಿತ್ತು. ಮೇಕೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ಆಮೇಲೆ ಕೆಹಿಂದೆ, ಹೊಸ ಟೋಪಿ ಚುಚ್ಚುತ್ತದೆ ಎಂದು ಮಂಚದ ಕೆಳಗೆ ಸೇರಿಕೊಂಡಿದ್ದ.

ಅಬೆಕೆ ತೈವೊನನ್ನು ನೋಡಿದಳು. ಬೆಂಚನ್ನು ನೋಡಿದಳು. ತೈವೊನನ್ನು ಎಡಗಡೆ ಕೂರಿಸಿ ಒಂದು ಫೋಟೋ ತೆಗೆದಳು. ಬಲಗಡೆ ಕೂರಿಸಿ ಇನ್ನೊಂದು ತೆಗೆದಳು. ನಂತರ ಬೀದಿ ಮೂಲೆಯ ಸ್ಟುಡಿಯೋಗೆ ಓಡಿದಳು.

"ಲಾಡಿಪೊ ಅಂಕಲ್, ಇವೆರಡನ್ನೂ ಕಂಪ್ಯೂಟರಲ್ಲಿ ಸೇರಿಸಿ ಒಂದೇ ಫೋಟೋ ಮಾಡಿಕೊಡ್ತೀರಾ?"

ಲಾಡಿಪೊ ಪರದೆಯನ್ನೇ ನೋಡಿದರು. ಮೆಲ್ಲಗೆ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಒಂದು ಮಾತೂ ಕೇಳದೆ ಜೋಡಿಸಿ, ಪ್ರಿಂಟ್ ಹಾಕಿ, ಅವಳ ತಲೆ ಸವರಿ ಕೊಟ್ಟರು. ಅವರ ಕಣ್ಣಲ್ಲಿ ನೀರಿತ್ತು.

ಫೋಟೋ ಅಷ್ಟು ಚೆನ್ನಾಗಿ ಬಂದಿದೆ ಎಂದುಕೊಂಡು ಅಬೆಕೆ ಕುಣಿಯುತ್ತ ಮನೆಗೆ ಬಂದಳು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಗೋಳೋ ಎಂಬ ಅಳು ಕೇಳಿಸಿತು. ಬಟ್ಟೆ ಅಂಗಡಿಯ ಸಿಕಿರಾಟು ಅತ್ತೆ ಮುಂದೆ, ಹಿಂದೆ ಅರ್ಧ ಬೀದಿ. ಆಗ ತಾನೇ ಬಿಸಿ ಅಲಸಂದೆ ವಡೆ ಹಿಡಿದು ಸಂತೆಯಿಂದ ಬಂದಿದ್ದ ಅಜ್ಜಿ ಗಾಬರಿಯಾದರು.

"ಯಾರಿಗೇನಾಯ್ತೇ?"

"ಅಯ್ಯೋ ತಾಯೀ, ಗಟ್ಟಿ ಮನಸ್ಸು ಮಾಡ್ಕೊಳ್ಳಿ! ಅಂಥಾ ಮುದ್ದು ಮಗು! ನಮ್ಮ ಕೆಹಿಂದೆ..."

"ಅಜ್ಜೀ, ವಡೆ ತಂದ್ಯಾ?"

ತಲೆ ತುಂಬ ಧೂಳು ಮೆತ್ತಿಕೊಂಡ ಕೆಹಿಂದೆ ಬಾಗಿಲಲ್ಲಿ ನಿಂತಿದ್ದ. ಸಿಕಿರಾಟು ಅತ್ತೆ ಕಿರುಚಿ ಬೆಂಚು ಹತ್ತಿದರು. ಬೆಂಚು ಮಗುಚಿತು. ಮೇಕೆ ಓಡಿತು.

"ಸ್ಟುಡಿಯೋದವನು ಹೇಳಿದ್ನಲ್ಲಾ, ಒಂದೇ ಮಗೂನ ಎರಡು ಸಲ ಕೂರಿಸಿದಾರೆ ಅಂತ!" ಅತ್ತೆ ನೆಲದಿಂದಲೇ ಕೂಗಿದರು.

ಅಜ್ಜಿ ಅಬೆಕೆಯ ಕಡೆ ಕೈ ಚಾಚಿದರು. ಅವಳು ಫೋಟೋ ಕೊಟ್ಟಳು. ಬೈಗುಳ ಬರಲಿಲ್ಲ. ಅಜ್ಜಿ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ್ದ ಹಳೆಯ ಕಪ್ಪು ಬಿಳುಪು ಫೋಟೋ ತಂದರು. ಒಂದೇ ತರಹದ ಫ್ರಾಕು ತೊಟ್ಟ ಇಬ್ಬರು ಪುಟ್ಟ ಹುಡುಗಿಯರು.

"ಇದು ನಾನು," ಅಂದರು ಅಜ್ಜಿ.

"ಪಕ್ಕದಲ್ಲಿ?"

"ಅದೂ ನಾನೇ. ನನ್ನ ಜೊತೆ ಹುಟ್ಟಿದವಳು ಬೇಗ ಹೋಗಿಬಿಟ್ಲು. ಅವಳ ಜಾಗ ಖಾಲಿ ಇರಬಾರದು ಅಂತ ಅಮ್ಮ ನನ್ನನ್ನೇ ಎರಡು ಸಲ ಕೂರಿಸಿದ್ಲು. ಅವಳಿಗಳಲ್ಲಿ ಒಬ್ಬರು ತೀರಿಕೊಂಡ್ರೆ ನಾವು ಹೀಗೆ ಮಾಡ್ತೀವಿ ಕಣೇ."

ಅಬೆಕೆ ಹತ್ತಿರದಿಂದ ನೋಡಿದಳು. ಇಬ್ಬರ ಎಡ ಮೊಣಕಾಲಿನಲ್ಲೂ ಅದೇ ಗಾಯ, ಇಬ್ಬರ ಕಾಲರಿನಲ್ಲೂ ಅದೇ ಗುಂಡಿ ಕಿತ್ತುಹೋಗಿತ್ತು.

ಅಂಗಳದಲ್ಲಿ ಅವಳಿಗಳು ಕೊನೆಯ ವಡೆಗಾಗಿ ಕಿತ್ತಾಡುತ್ತಿದ್ದರು. ಅವಳು ಕ್ಯಾಮೆರಾ ಎತ್ತಿ ಒತ್ತಿದಳು.

ಸಂಜೆ ಚಿಕ್ಕಮ್ಮ ಬಂದು ಮೇಜಿನ ಮೇಲಿದ್ದ ಪ್ರಿಂಟ್ ಎತ್ತಿಕೊಂಡರು. "ಭೇಷ್! ಇಬ್ಬರೂ ಎಷ್ಟು ನೆಟ್ಟಗೆ ಕೂತಿದಾರೆ! ರಜೆ ಮುಗಿಯೋವರೆಗೂ ಕ್ಯಾಮೆರಾ ನಿನಗೇ ಬಿಡಮ್ಮ!"

ಅಬೆಕೆ ಕ್ಯಾಮೆರಾ ಮುಂದೆ ಹಿಡಿದಳು. "ಅದು ಬೇಡ ಚಿಕ್ಕಮ್ಮ. ಅದರಲ್ಲಿ ಎರಡೂ ಕಡೆ ತೈವೊನೇ ಇದಾನೆ. ಇದು ನೋಡಿ."

ಚಿಕ್ಕಮ್ಮ ಪುಟ್ಟ ಪರದೆಯನ್ನು ಕಣ್ಣಿಗೆ ಹಿಡಿದರು. "ಇದೇನಿದು? ಎಲ್ಲಾ ಅಲ್ಲಾಡಿಹೋಗಿದೆ! ಒಬ್ಬ ಬಾಯಿ ಬಿಟ್ಟು ಅಳ್ತಿದಾನೆ, ಇನ್ನೊಬ್ಬನ ಮುಖಾನೇ ಇಲ್ಲ, ಬರೀ ಕಿವಿ!" ಎಂದು ಕ್ಯಾಮೆರಾವನ್ನು ಕೈಚೀಲಕ್ಕೆ ಹಾಕಿಕೊಳ್ಳಲು ಹೋದರು.

"ತಾಳು," ಅಂದರು ಅಜ್ಜಿ. ಕನ್ನಡಕ ಹಾಕಿಕೊಂಡು, ಪರದೆಯ ಮೂಲೆಯಲ್ಲಿದ್ದ ಕಿವಿಯ ಮೇಲೆ ಬೆರಳಿಟ್ಟರು. "ಇದು ಕೆಹಿಂದೆ. ಇದನ್ನೇ ದೊಡ್ಡದು ಮಾಡಿಸು."

ಕ್ಯಾಮೆರಾ ಮತ್ತೆ ಚಿಕ್ಕಮ್ಮನ ಕೈಚೀಲಕ್ಕೆ ಹೋಯಿತು. ಅಬೆಕೆ ಜಿಪ್ ಎಳೆದುಕೊಟ್ಟಳು. ಮಂಚದ ಕೆಳಗೆ ಯಾರೋ ಕಿಸಕ್ಕನೆ ನಕ್ಕರು. ಬಗ್ಗಿ ನೋಡಿದಳು. ಈ ಸಲ ಇಬ್ಬರೂ ಇದ್ದರು.