ಮಸಿಯೋ, ಕಾಡಿಗೆಯೋ?

ಪಂಪಾವತಿಯ ಪುಟದಲ್ಲಿ ಪಂಪಾವತಿಯೇ ಇರಲಿಲ್ಲ.

ಬೆಳಗ್ಗೆ ಎದ್ದು ಫೋನು ತೆರೆದವಳಿಗೆ ಕಂಡದ್ದು ಖಾಲಿ ಅಂಗಳ. ಕಾಡಿಗೆ ತೀಡುವುದನ್ನು ಕಲಿಸುತ್ತ ವರ್ಷಗಟ್ಟಲೆ ಮಾಡಿದ್ದ ವಿಡಿಯೊಗಳಲ್ಲಿ ಒಂದೂ ಇಲ್ಲ. ಪಾಸ್‌ವರ್ಡ್ ಬದಲಾಗಿದೆ. ಅವಳ ಥಳಥಳಿಸುವ ಫೋಟೊ ಇದ್ದ ಜಾಗದಲ್ಲಿ ಕಾಲೇಜು ದಿನಗಳ ಯಾವುದೋ ಹಳೆಯ ಫೋಟೊ. ಎರಡು ಜಡೆಯ ಪಂಪಾವತಿ, ಕಿವಿಯ ಪಕ್ಕದಲ್ಲಿ ಒಂದು ಕಪ್ಪು ಕಲೆ.

"ನನ್ನ ಮುಖಕ್ಕ ಮಸಿ ಬಳದಾರ, ಅಕ್ಕಾರ!" ಎಂದು ಅವಳು ಬಳ್ಳಾರಿಯ ನಮ್ಮ ಓಣಿಗೆ ಓಡಿ ಬಂದಾಗ ದಾಕ್ಷಾಯಣಿ ಅಕ್ಕ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಕೂತಿದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಏನಾದರೂ ಕಳೆದುಕೊಂಡವರು ಅವರ ಮನೆಗೆ ಬರುವುದು ನಿಂತಿಲ್ಲ. ನಾನು ನಿಶಾತ್, ಪಕ್ಕದ ಮನೆಯವಳು. ಅವರು ಹೋದಲ್ಲೆಲ್ಲ ನಾನೂ ಹೋಗುತ್ತೇನೆ.

"ಕುಂದ್ರು. ನೀರು ಕುಡಿ. ಮನಿಯೊಳಗ ಕಪ್ಪು ಕನ್ನಡಕ ಯಾಕವ್ವ?"

"ಅತ್ತೂ ಅತ್ತೂ ಕಣ್ಣು ಕೆಂಪಾಗ್ಯಾವು."

"ಹೂಂ. ಪುಟ ಹೋದ್ರ ಏನ್ ಹೋಗತೈತಿ?"

"ನಾಳೆ ಸಂಜಿಕಿ ಲೈವ್ ಐತ್ರಿ. ಒಂದು ಕಂಪನಿ ನನ್ನ ಹೆಸರ್ಲೇ ಕಾಡಿಗಿ ಬಿಡ್ತೈತಿ. ಪುಟ ಇಲ್ಲಾಂದ್ರ ಬ್ಯಾರೆ ಹುಡುಗಿಗೆ ಕೊಡ್ತಾರ." ಅವಳ ದನಿ ಇಳಿಯಿತು. "ಪುಟ ಇಲ್ಲಾಂದ್ರ ನಾ ಯಾರು ಅಂತ ನನಗ ಗೊತ್ತಿಲ್ಲ, ಅಕ್ಕಾರ."

ನಮ್ಮ ನಾನಿ, ಅಂದರೆ ತಾಯಿಯ ತಾಯಿ, ಹೇಳುತ್ತಿದ್ದ ಕಥೆಯೊಂದು ನನಗೆ ನೆನಪಾಯಿತು. ಒಬ್ಬಳು ರಾಜಕುಮಾರಿ. ಅವಳನ್ನು ನೋಡಲು ದಿನಾ ಊರಿಗೆ ಊರೇ ಅರಮನೆಯ ಮುಂದೆ ನೆರೆಯುತ್ತಿತ್ತು. ಅವಳ ಅಂಗಾಲಿನಲ್ಲಿದ್ದ ಮುಳ್ಳು ಮಾತ್ರ ಯಾರಿಗೂ ಕಾಣಲಿಲ್ಲ. ಆಮೇಲೆ? ಎಷ್ಟು ಯೋಚಿಸಿದರೂ ಮುಂದಿನದು ನೆನಪಾಗಲಿಲ್ಲ.

"ನಿನ್ನ ಬಿಟ್ರ ಪುಟ ತೆಗ್ಯಾಕ ಯಾರಿಗೆ ಬರತೈತಿ?"

ಮೂವರು. ವಿಡಿಯೊ ತೆಗೆಯುತ್ತಿದ್ದ ಗವಿಸಿದ್ದೇಶ್ — ಹೋದ ತಿಂಗಳು ಜಗಳವಾಡಿ ಕೆಲಸ ಬಿಟ್ಟವನು. ಸಿರುಗುಪ್ಪದಲ್ಲಿರುವ ತಾಯಿ ಹುಲುಗಮ್ಮ — ಮಗಳ ಹಳೆಯ ಫೋನು ಅವಳ ಹತ್ತಿರವಿದೆ, ಅದರಲ್ಲಿ ಪುಟ ತೆರೆದೇ ಇರುತ್ತದೆ. ಮತ್ತು ಕುರುಗೋಡಿನ ಇರ್ಫಾನಾ. ಕಾಲೇಜಿನಲ್ಲಿದ್ದಾಗ ಇಬ್ಬರೂ ಕೂಡಿಯೇ ಪುಟ ಶುರು ಮಾಡಿದ್ದರು.

"ಈಗ ಮಾತಾಡ್ತೀರೇನು?"

"ಇಲ್ರಿ. ಆಕಿ ಅಜ್ಜಿ ಕಲಿಸಿದ್ದ ಕಾಡಿಗಿ ಬಿಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲ. ಆಕಿ ವಿಡಿಯೊ ಹತ್ತು ಮಂದಿನೂ ನೋಡಂಗಿಲ್ಲ. ನನ್ನ ಕಂಡ್ರ ಹೊಟ್ಟಿಕಿಚ್ಚು. ಆಕಿನೇ ಮಾಡಿರಬೇಕು!"

ಗವಿಸಿದ್ದೇಶ್ ಜೀನ್ಸ್ ಅಂಗಡಿಯ ಮುಂದೆ ಒಂದು ಗೊಂಬೆಗೆ ಪ್ಯಾಂಟು ತೊಡಿಸಿ ಫೋಟೊ ತೆಗೆಯುತ್ತಿದ್ದ.

"ಕೆಲಸ ಯಾಕ ಬಿಟ್ಟಿ?"

"ಸಾಕಾತ್ರಿ ಮೇಡಂ. ಒಂದು ಕಣ್ಣು ತೀಡೋದನ್ನ ತೆಗ್ಯಾಕ ಇಡೀ ದಿನ! ಸುಮ್ನೆ ರೆಪ್ಪಿ ಬಡಿತಾಳ. ಫಿಲ್ಟರ್ ಇಲ್ದ ತೆಗದ್ರ ಮೈಮ್ಯಾಲೆ ಬರ್ತಾಳ. ಈ ಗೊಂಬಿ ವಾಸಿ, ಕಣ್ಣು ಮುಚ್ಚಂಗಿಲ್ಲ, ಬೈಯಂಗಿಲ್ಲ."

"ಸಿಟ್ಟಿಗೆ ನೀನೇ ಮಸಿ ಬಳದ್ಯಾ?"

ಅವನು ಫೋಟೊ ನೋಡಿ ನಕ್ಕ. "ಇದ್ಯಾತರ ಮಸಿ ಮೇಡಂ? ನಾನಾಗಿದ್ರ ದಪ್ಪ ಮೀಸಿ ಬರೀತಿದ್ದೆ!"

ಅಕ್ಕ ನಗಲಿಲ್ಲ. ಫೋಟೊವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

ಪಂಪಾವತಿಯ ಕಾರಿನಲ್ಲೇ ಮೋಕ ದಾಟಿ ಸಿರುಗುಪ್ಪಕ್ಕೆ ಹೋದೆವು. ಎರಡೂ ಕಡೆ ಭತ್ತದ ಗದ್ದೆ. ಮನೆಯ ಮುಂದೆ ಕಾರು ನಿಂತರೂ ಪಂಪಾವತಿ ಇಳಿಯಲಿಲ್ಲ.

"ನೀವ್ ಹೋಗಿ ಬರ್ರಿ. ನಾ ಬಂದೀನಿ ಅಂತ ಹೇಳಬ್ಯಾಡ್ರಿ."

"ಯಾಕ?"

"ಮುಖ ನೋಡಿದ್ಲಂದ್ರ ನೂರೆಂಟು ಕೇಳ್ತಾಳ." ಅವಳು ಕಾರಿನ ಗಾಜು ಏರಿಸಿಕೊಂಡಳು.

ಹುಲುಗಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡದ್ದೇ ಸೊಂಟದಿಂದ ಫೋನು ತೆಗೆದಳು.

"ಇದು ಕೆಟ್ಟೈತೇನು ನೋಡ್ರಿ ತಂಗಿ. ಮುಂಜಾನಿಂದ ಮಗಳು ಬರವಲ್ಲಳು."

"ದಿನಾ ನೋಡ್ತೀಯೇನವ್ವ?"

"ಮತ್ತ? 'ಎಲ್ಲಾರೂ ಆರಾಮದೀರಾ?' ಅಂತ ಕೇಳ್ತಾಳ. ನಾ ಹೂಂ ಅಂತೀನಿ." ಹುಲುಗಮ್ಮ ನಾಚಿ ನಕ್ಕಳು. "ಆಕಿಗೆ ಕೇಳಂಗಿಲ್ಲ ಅಂತ ಗೊತ್ತೈತ್ರಿ. ಆದ್ರೂ ಅಂತೀನಿ."

ನಾನು ಬಾಗಿಲ ಕಡೆ ನೋಡಿದೆ. ಕಾರು ಅಲ್ಲೇ ಇತ್ತು. ಗಾಜು ಇಳಿಯಲಿಲ್ಲ.

"ಸಣ್ಣಾಕಿದ್ದಾಗ ಮಗಳಿಗೆ ಕಾಡಿಗಿ ಹಚ್ತಿದ್ಯಾ?" ಅಕ್ಕ ಇದನ್ನು ಯಾಕೆ ಕೇಳಿದರೋ ನನಗೆ ತಿಳಿಯಲಿಲ್ಲ.

"ಕಣ್ಣಿಗೆ ಹಚ್ಚಿ ಗಲ್ಲದ ನಡುವಿಗೆ ಒಂದು ಇಡ್ತಿದ್ದೆ, ಇಷ್ಟು ದೊಡ್ಡದು. ಊರ ಮಂದಿಗೆಲ್ಲ ಕಾಣಬೇಕು ನೋಡ್ರಿ!"

ಕುರುಗೋಡು ತಲುಪುವಾಗ ಇಳಿಬಿಸಿಲು. ಬಂಡೆಗುಡ್ಡದ ನೆರಳು ಮನೆಗಳ ಮೇಲೆ ಬಿದ್ದಿತ್ತು. ಇರ್ಫಾನಾಳ ಕೋಣೆಯಲ್ಲಿ ಹರಳೆಣ್ಣೆಯ ದೀಪ ಉರಿಯುತ್ತಿತ್ತು. ಅದರ ಮೇಲೆ ಬೋರಲು ಹಾಕಿದ ಹಿತ್ತಾಳೆ ತಟ್ಟೆ. ಎದುರಿಗೆ ಸ್ಟ್ಯಾಂಡಿನಲ್ಲಿ ಫೋನು, ಲೈವ್ ನಡೆಯುತ್ತಿತ್ತು. ನೋಡುವವರು ಯಾರೂ ಇರಲಿಲ್ಲ. ಆದರೂ ಅವಳು ಮೆಲ್ಲಗೆ ಹೇಳುತ್ತಿದ್ದಳು: "ಅವಸರ ಮಾಡಬ್ಯಾಡ್ರಿ. ತಟ್ಟಿ ತಾನೇ ಕಪ್ಪಗಾಗತೈತಿ. ನಮ್ಮ ದಾದಿ, ಅಪ್ಪನ ಅವ್ವ, ಹಿಂಗ ಕಾಯ್ತಿದ್ಲು."

ಪಂಪಾವತಿ ನುಗ್ಗಿದಳು. "ಕಳ್ಳಿ! ನನ್ನ ಪುಟ ಕೊಡು!"

ಇರ್ಫಾನಾ ಏಳಲಿಲ್ಲ. ತಿರುಗಿ ಪಂಪಾವತಿಯ ಕನ್ನಡಕವನ್ನಷ್ಟೇ ನೋಡಿದಳು.

"ಬೈಬ್ಯಾಡ, ಪಂಪಾವತಿ," ಎಂದರು ಅಕ್ಕ. "ಮಾಡಿದಾಕಿ ಇರ್ಫಾನಾನೇ. ಆದ್ರ ನೀ ಹೇಳಿದ ಕಾರಣಕ್ಕಲ್ಲ."

"ಮತ್ತ್ಯಾಕ? ಮಸಿ ಬಳದಾಳಲ್ಲ!"

"ಅದು ಮಸಿ ಅಲ್ಲ. ಮಸಿ ಒಣಗತೈತಿ. ಫೋಟೊದಾಗ ಮಿನುಗತಿರೋದು ಎಣ್ಣಿ. ಮನಿ ಕಾಡಿಗಿ. ಮರ್ಯಾದಿ ಕಳಿಯೋರು ಕಣ್ಣಿಗೆ ಬಳಿತಾರ, ಗವಿಸಿದ್ದೇಶ್ ಅಂದಂಗ ಮೀಸಿ ಬರೀತಾರ. ಇದು ಕಿವಿ ಮಗ್ಗಲಿಗೆ, ಕೂದಲದಾಗ ಅರ್ಧ ಮುಚ್ಚೇತಿ. ದೃಷ್ಟಿಬೊಟ್ಟು! ನಿಮ್ಮವ್ವ ಇಡ್ತಿದ್ದದ್ದು ಗಲ್ಲದ ನಡುವಿಗೆ. ಕಿವಿ ಪಕ್ಕಕ್ಕ ಇಡೋದು ಯಾರ ಮನ್ಯಾಗ, ನಿಶಾತ್?"

ನನ್ನ ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು. "ನಮ್ಮ ಮನ್ಯಾಗ," ಎಂದೆ. "ನಾನಿ ಇಡ್ತಿದ್ಲು. ನಜರ್ ಆಗಬಾರ್ದು ಅಂತ." ಬೆಳಗಿನಿಂದ ಅದೇ ಫೋಟೊ ನೋಡಿದ್ದೆ. ನೋಡಿಯೂ ಕಂಡಿರಲಿಲ್ಲ.

"ಅಂದ್ರ ಕಾಲೇಜಿನ್ಯಾಗ ಇದ್ದಾಗ ಇರ್ಫಾನಾನೇ ಪ್ರೀತಿಯಿಂದ ಇಟ್ಟದ್ದು," ಎಂದರು ಅಕ್ಕ. "ಪ್ರೀತಿ ಇದ್ದಾಕಿ ಪುಟ ಯಾಕ ಮುಚ್ಚಿದ್ಲು? ರೆಪ್ಪಿ ಬಡಿತಾಳ ಅಂದ ಒಬ್ಬ. ಅವ್ವಗ ಮುಖ ತೋರ್ಸಾಕ ಹೆದರಿ ಕಾರಿನಾಗ ಕುಂತ್ಲು ಈಕಿ. ಕನ್ನಡಕ ತಗಿ, ಪಂಪಾವತಿ."

ಪಂಪಾವತಿ ಅಲುಗಲಿಲ್ಲ. ಇರ್ಫಾನಾ ಎದ್ದು ಬಂದು ತಾನೇ ತೆಗೆದಳು.

ರೆಪ್ಪೆಗಳು ಬಾತಿದ್ದವು. ಕಣ್ಣಂಚು ಒಡೆದು ಹುಣ್ಣಾಗಿತ್ತು. ಒಂದು ದಿನದ ಅಳುವಿನಿಂದ ಆದದ್ದಲ್ಲ ಅದು.

"ಬ್ಯಾಸಿಗಿಯಿಂದ ನೋಡಾಕತ್ತೀನಿ," ಎಂದಳು ಇರ್ಫಾನಾ. "ನಿನ್ನ ಎಡಗಣ್ಣು ತಡಾ ಮಾಡಿ ತೆರೀತೈತಿ. ಫಿಲ್ಟರಿಗೆ ಕೆಂಪು ಮುಚ್ಚಾಕ ಬರತೈತಿ, ನೋವು ಮುಚ್ಚಾಕ ಬರಂಗಿಲ್ಲ. ಫೋನ್ ಮಾಡ್ದೆ, ಎತ್ತಲಿಲ್ಲ. 'ಕಣ್ಣಿಗೇನಾಗೇತಿ ಪಂಪಿ?' ಅಂತ ವಿಡಿಯೊ ಕೆಳಗ ಬರದೆ. ಅಳಿಸಿ ಹಾಕ್ದಿ. ನಾಳೆ ಲೈವ್‌ನಾಗ ಮತ್ತ ಕಣ್ಣು ಕೆಡಿಸಿದ ಆ ಕಾಡಿಗಿನೇ ತೀಡ್ತಿದ್ದಿ. ನಿನ್ನ ವಿಡಿಯೊ ಒಂದೂ ಅಳಿಸಿಲ್ಲ ನಾ. ಮುಚ್ಚಿಟ್ಟೀನಿ ಅಷ್ಟೇ."

"ಪ್ರೀತಿಯಿಂದ ಮಾಡಿದ್ರೂ ಕಳವು ಕಳವೇ, ತಂಗಿ," ಎಂದರು ಅಕ್ಕ. "ಪಾಸ್‌ವರ್ಡ್ ಹೇಳು."

ಇರ್ಫಾನಾ ತಲೆ ತಗ್ಗಿಸಿದಳು. "ಕಣ್ಣು ತೊಳಿ."

"ಆಮ್ಯಾಲೆ ತೊಳೀತಾಳ. ಪಾಸ್‌ವರ್ಡ್ ಹೇಳು."

"ಅದೇ ರೀ ಪಾಸ್‌ವರ್ಡ್. 'ಕಣ್ಣು ತೊಳಿ'."

ನನಗೆ ನಗು ಬಂತು. ಪಂಪಾವತಿಗೆ ಬರಲಿಲ್ಲ. ಒಂದೊಂದೇ ಅಕ್ಷರ ಒತ್ತಿದಳು. ಕಣ್ಣು ಮಂಜಾಗಿ ಎರಡು ಸಲ ತಪ್ಪಿತು. ಪುಟ ತೆರೆಯಿತು. ಅವಳು ಕನ್ನಡಕ ಹಾಕಿಕೊಂಡು ಹೊರಗೆ ಹೋದಳು.

ಕಾರು ಬಳ್ಳಾರಿಯ ಕಡೆ ತಿರುಗಿತು. ನಾನಿಯ ಕಥೆಯ ಕೊನೆ ನನಗೆ ಆಗ ನೆನಪಾಯಿತು. ಮುಳ್ಳು ಕಂಡದ್ದು ಆಡು ಕಾಯುವ ಹುಡುಗಿಗೆ. ಅವಳು ಕೀಳಲು ಬಂದಾಗ ರಾಜಕುಮಾರಿ ಅವಳ ಕೆನ್ನೆಗೆ ಹೊಡೆದಳು. ಹುಡುಗಿ ಮುಳ್ಳು ಕಿತ್ತು, ಆಡುಗಳನ್ನು ಹೊಡೆದುಕೊಂಡು ಹೊರಟು ಹೋದಳು. ನಾನಿ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಅವರು ಮತ್ತೆ ಸೇರಿದರೇ ಎಂದು ಕೇಳಿದರೆ, "ಮಲಕ್ಕೋ" ಎನ್ನುತ್ತಿದ್ದಳು.

ಮರುದಿನ ಸಂಜೆ ಲೈವ್ ಶುರುವಾದಾಗ ಸಾವಿರಾರು ಜನ ಕಾಯುತ್ತಿದ್ದರು. ಪಂಪಾವತಿ ಬಂದಳು. ಫಿಲ್ಟರ್ ಇಲ್ಲ, ಕಾಡಿಗೆ ಇಲ್ಲ. ಬಾತ ಕಣ್ಣು ಹಾಗೆಯೇ.

"ನಾನು ಕಾಡಿಗಿ ಮಾರಂಗಿಲ್ಲ. ನನ್ನ ಕಣ್ಣಿಗೆ ಆರಾಮಿಲ್ಲ," ಎಂದಳು.

ಮೊದಲು ಬೈಗಳು ಬಂದವು, ಆಮೇಲೆ ನಗುವ ಮುಖಗಳು. ಆಮೇಲೆ ಜನ ಲೈವ್ ಬಿಟ್ಟು ಹೋಗತೊಡಗಿದರು. ಸಂತೆ ಮುಗಿದ ಬಯಲಿನಂತೆ ಪುಟ ಖಾಲಿಯಾಗುತ್ತ ಹೋಯಿತು. ಅವಳು ಎದ್ದು ಹೋಗಲಿಲ್ಲ. ಯಾರಾದರೂ ಉಳಿದಾರೇನೋ ಎಂದು ಪರದೆಗೆ ಮುಖ ಹತ್ತಿರ ತಂದಳು. ಆಗ ಕಂಡಿತು, ಕಿವಿಯ ಪಕ್ಕದಲ್ಲಿ, ಕೂದಲಲ್ಲಿ ಅರ್ಧ ಮರೆಯಾದ ಒಂದು ಕಪ್ಪು ಬೊಟ್ಟು. ತಾನೇ ಇಟ್ಟುಕೊಂಡಿದ್ದಳು. ಸೊಟ್ಟಗಾಗಿತ್ತು.

ಕೆಳಗೆ ಕುರುಗೋಡಿನವಳ ಒಂದೇ ಒಂದು ಸಾಲು ಬಂತು: "ಇನ್ನೊಂಚೂರು ಹಿಂದಕ್ಕ ಇಡಬೇಕಿತ್ತು."

ಪಂಪಾವತಿ ಓದಿ ಕಣ್ಣೊರೆಸಿಕೊಂಡಳು.

"ಎಲ್ಲಾರೂ ಆರಾಮದೀರಾ?" ಎಂದು ಕೇಳಿದಳು, ಬಹುತೇಕ ಖಾಲಿಯಾದ ಪರದೆಗೆ.

ಸಿರುಗುಪ್ಪದಲ್ಲಿ ಒಬ್ಬಾಕೆ ಹೂಂ ಅಂದಿರಬೇಕು.